ಹದಿನಾಲ್ಕು ಅಡಿಕೆಗೆ ಬಾಗಿದ ಕೋಲು

ನೆಲಕ್ಕೆ ಸಿಹಿನೀರನ್ನೂ ಕಡಲಿಗೆ ಉಪ್ಪುನೀರನ್ನೂ ಹಂಚಿಕೊಟ್ಟು, ಒಂದು ಇನ್ನೊಂದನ್ನು ಮೀರದಂತೆ ನಡುವೆ ಕಾಣದ ಗೆರೆಯೊಂದನ್ನು ಎಳೆದಿಟ್ಟ ಆ ಒಬ್ಬನಿಗೆ ಮೊದಲ ಕೃತಜ್ಞತೆ. ಕೈಗೆ ಕಸುಬನ್ನು ಕೊಟ್ಟವನು ಅವನು. ಆ ಕೈ ತಪ್ಪಿದಾಗ ತಿದ್ದಿಕೊಳ್ಳಲು ಕಾಲಾವಕಾಶವನ್ನು ಕೊಟ್ಟವನೂ ಅವನೇ. ಅವನ ತರುವಾಯ, ನನಗೆ ಅರಬ್ಬಿ ಫಾರಸಿಗಳನ್ನು ಕಲಿಸಿದ ಉಸ್ತಾದರಿಗೂ, ಹಳಗನ್ನಡದ ಪದ್ಯವನ್ನು ತಪ್ಪಿಲ್ಲದೆ ಒಪ್ಪಿಸುವವರೆಗೆ ಮನೆಗೆ ಬಿಡದಿದ್ದ ಶಾಲೆಯ ಪಂಡಿತರಿಗೂ ನನ್ನ ಸಲಾಮು, ನಮಸ್ಕಾರ. ಮಾತನ್ನು ಆಡುವ ಮೊದಲು ತೂಗಿ ನೋಡು ಎಂದು ಇಬ್ಬರೂ ಹೇಳಿಕೊಟ್ಟಿದ್ದರು. ಕೋಲನ್ನೂ ಹಾಗೆಯೇ ತೂಗಿ ನೋಡಬೇಕೆಂಬುದು ನನಗೆ ತಿಳಿದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಮಳೆಗಾಲ ಮುಗಿಯುತ್ತಿದ್ದ ಹೊತ್ತಿನಲ್ಲಿ.

ಕೊಪ್ಪದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಾಲಿನಿಂದ ತುಳಿಯುವ ಲೇತು ಒಂದನ್ನು ಇಟ್ಟುಕೊಂಡು ಊರುಗೋಲು ಕಡೆಯುವುದು, ಕೊಡೆ ರಿಪೇರಿ, ಔಷಧಿ ಹೊಡೆಯುವ ಪಂಪಿನ ಕೊಳವೆ ಕೂಡಿಸುವುದು ನನ್ನ ಕೆಲಸವಾಗಿತ್ತು. ಭದ್ರಾ ಹೊಳೆಯಲ್ಲಿ ಮೀನು ಹಿಡಿಯುವ ಹವ್ಯಾಸವಿದ್ದ ತೋಟದ ಧಣಿಗಳು ಕೆಲವರು ತಮ್ಮ ವಿದೇಶಿ ಗಾಳದ ಕೋಲುಗಳನ್ನೂ ರಿಪೇರಿಗೆ ತರುತ್ತಿದ್ದರು. ಅವರಲ್ಲಿ ಬಾಳೆಹೊನ್ನೂರಿನ ಆಚೆಯ ಕಾಫಿ ತೋಟದ ಹಿರಿಯರೊಬ್ಬರು ಆ ವರ್ಷ ಗೋಣಿತಟ್ಟಿನಲ್ಲಿ ಸುತ್ತಿದ ಮೂರು ಕೋಲುಗಳನ್ನು ನನ್ನ ಮೇಜಿನ ಮೇಲೆ ಬಿಚ್ಚಿಟ್ಟರು. ಹಿಡಿ ಇಲ್ಲ, ದಾರ ತೂರಿಸುವ ಬಳೆ ಇಲ್ಲ, ಬೋಳು ಕೋಲುಗಳು. ಕಸುಬಿನವರು ಇದನ್ನು ಬ್ಲ್ಯಾಂಕ್ ಎನ್ನುತ್ತಾರೆ. ಹಡಗಿನ ಕೆಲಸದಲ್ಲಿದ್ದ ಅವರ ಬಂಧುವೊಬ್ಬರು ತಂದುಕೊಟ್ಟದ್ದು. ಜೊತೆಗೆ ಒಂದೇ ಒಂದು ಸೆಟ್ಟು ಸಾಮಾನು: ತುಕ್ಕು ಹಿಡಿಯದ ಬಳೆಗಳು, ರೀಲು ಕೂರುವ ಅಲ್ಯೂಮಿನಿಯಂ ಪೀಠ, ಹಿಡಿಗೆ ಕಾರ್ಕಿನ ಬಿಲ್ಲೆಗಳು.

"ಮೂರರಲ್ಲಿ ಒಂದನ್ನ ಆರಿಸಿ ಕಟ್ಟಿಕೊಡಿ ಸಾಹೇಬ್ರೆ," ಎಂದರು. "ಹೊಳೆಗಲ್ಲ, ಸಮುದ್ರಕ್ಕೆ."

ಅವರ ಅಣ್ಣ ಕುಂದಾಪುರದ ಕಡೆ ನೆಲೆಸಿದ್ದರು. ಆಸ್ತಿ ಹಿಸ್ಸೆಯಾದ ಮೇಲೆ ಅಣ್ಣತಮ್ಮಂದಿರ ನಡುವೆ ಮಾತು ಕಡಿಮೆಯಾಗಿತ್ತು. ಆದರೆ ದೀಪಾವಳಿ ಕಳೆದ ಮೇಲಿನ ಹುಣ್ಣಿಮೆಗೆ, ಕಡಲು ತಣ್ಣಗಾದಾಗ, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಇಬ್ಬರೂ ನಾಲ್ಕು ದಿನ ಒಟ್ಟಿಗೆ ನಿಂತು ಮೀನು ಹಿಡಿಯುವ ರೂಢಿಯನ್ನು ಮಾತ್ರ ಬಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಧಣಿಗಳ ಜೀಪು ಮಗುಚಿ ಬಲಭುಜದ ಮೂಳೆ ಮುರಿಯಿತು. ಮೂಳೆ ಕೂಡಿತು, ತೋಳು ಮಾತ್ರ ಕಿವಿಯಿಂದ ಮೇಲಕ್ಕೆ ಏಳಲಿಲ್ಲ.

"ಹೋದ ವರ್ಷ ಅಣ್ಣ ಬೀಸ್ತಾ ಇದ್ದ, ನಾನು ಬುತ್ತಿ ಕಾಯ್ತಾ ಕೂತಿದ್ದೆ," ಎಂದರು ಧಣಿಗಳು. "ಈ ವರ್ಷವೂ ಹಂಗೇ ಆದ್ರೆ ಸಾಮಾನೆಲ್ಲ ಯಾರಿಗಾದ್ರೂ ಕೊಟ್ಟುಬಿಡ್ತೇನೆ. ನಾನು ಬೀಸದಿದ್ರೆ ಅವನೂ ಬರೋದಿಲ್ಲ ಅಂದಿದ್ದಾನೆ. ಆಮೇಲೆ ನಾವಿಬ್ರು ಎಲ್ಲಿ ಸಿಗೋದು? ಕೋರ್ಟಲ್ಲಾ?"

ನಕ್ಕರು. ನಾನು ನಗಲಿಲ್ಲ.

ಈ ಬಗೆಯ ಮೀನುಗಾರಿಕೆಯ ಮರ್ಮವನ್ನು ಇಲ್ಲಿ ಹೇಳಬೇಕು. ಕೊಕ್ಕೆಗೆ ಗರಿ ಕಟ್ಟಿ ಮಾಡಿದ ಹುಸಿನೊಣಕ್ಕೆ ತೂಕವೇ ಇಲ್ಲ, ಅದನ್ನು ಎಸೆಯಲಾಗದು. ಎಸೆಯುವುದು ದಾರವನ್ನು. ಅದು ದಪ್ಪನೆಯ, ತೂಕವುಳ್ಳ ದಾರ. ಹಿಂದಕ್ಕೆ ಬೀಸಿದಾಗ ದಾರದ ಭಾರಕ್ಕೆ ಕೋಲು ಬಾಗುತ್ತದೆ, ಮುಂದಕ್ಕೆ ತಂದಾಗ ನೆಟ್ಟಗಾಗುತ್ತ ದಾರವನ್ನು ಕೊಂಡೊಯ್ಯುತ್ತದೆ. ಅಂದರೆ ಕೆಲಸದ ಹೆಚ್ಚಿನ ಪಾಲು ಕೋಲಿನದು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ತಪ್ಪಿದೆ.

ಮೂರು ಕೋಲುಗಳೂ ಸುಮಾರು ಒಂಬತ್ತು ಅಡಿ, ಎರಡು ತುಂಡಾಗಿ ಕೂಡುವಂಥವು. ಒಂದು ಆರು ಸೀಳುಗಳನ್ನು ಅಂಟಿಸಿ ಮಾಡಿದ ಬಿದಿರಿನದು, ಹಳೆಯ ಜೇನಿನ ಬಣ್ಣದ್ದು. ಕೂಡುವಲ್ಲಿ ಲೋಹದ ಕೊಳವೆ. ಇನ್ನೊಂದು ಕಂದು ಬಣ್ಣದ ಫೈಬರ್ ಗ್ಲಾಸಿನದು, ನೋಡಲು ಯಾವ ಚೆಂದವೂ ಇಲ್ಲದ್ದು. ಮೂರನೆಯದು ಆಗಷ್ಟೇ ಬರತೊಡಗಿದ್ದ ಕಪ್ಪು ಕಾರ್ಬನ್ನಿನದು. ಹಕ್ಕಿಯ ಮೂಳೆಯಷ್ಟು ಹಗುರ, ಬೀಗದ ಕೈಯಷ್ಟು ಬಿಗಿ. ಒಂದೊಂದನ್ನೇ ಹಿಡಿದು, ಗಿರಾಕಿ ಊರುಗೋಲನ್ನು ಅಲ್ಲಾಡಿಸಿ ನೋಡುವಂತೆ, ಗಾಳಿಯಲ್ಲಿ ಅಲ್ಲಾಡಿಸಿದೆ. ಬಿದಿರು ತೂಗಾಡಿತು. ಗ್ಲಾಸು ಸೋಮಾರಿಯಂತೆ ಕಂಡಿತು. ಕಾರ್ಬನ್ನು ಸುಯ್ಯೆಂದು ಹೋಗಿ ಸುಯ್ಯೆಂದು ಬಂದು ನಿಂತಿತು. ಕಡಲೆಂದರೆ ಗಾಳಿ, ಅಲೆ. ಗಾಳಿಗೆ ಗಟ್ಟಿಯಾದದ್ದೇ ಬೇಕು. ಘಟ್ಟದ ಮೇಲಿನವರಾದ ನಮಗೆ ಸಮುದ್ರದ ಹೆಸರು ಕೇಳಿದರೆ ಸಾಕು, ಎಲ್ಲವನ್ನೂ ಹಡಗಿನ ಹಗ್ಗದಂತೆ ಕಲ್ಪಿಸಿಕೊಳ್ಳುತ್ತೇವೆ. ಹಗುರವೂ ಆಗಿದೆಯಲ್ಲ, ನೊಂದ ಭುಜಕ್ಕೆ ಒಳ್ಳೆಯದೇ ಎಂದು ತೀರ್ಮಾನಿಸಿ ಕಾರ್ಬನ್ನನ್ನು ಆರಿಸಿದೆ.

ಕೋಲಿನ ಬೆನ್ನು ಹುಡುಕುವುದು ಮೊದಲ ಕೆಲಸ. ಬುಡವನ್ನು ನೆಲಕ್ಕೂರಿ, ತುದಿಯನ್ನು ಅಂಗೈಯಲ್ಲಿ ಬಾಗಿಸಿ ಮೆಲ್ಲನೆ ಉರುಳಿಸಿದರೆ ಒಂದು ಮಗ್ಗುಲಿಗೆ ಅದು ತಾನಾಗಿ ಹೊರಳಿ ನಿಲ್ಲುತ್ತದೆ. ಆ ಗೆರೆಯನ್ನು ಗುರುತಿಸಿ ಅದರ ನೇರಕ್ಕೆ ಬಳೆಗಳನ್ನು ಕೂರಿಸಬೇಕು. ಬಳೆಯ ಪಾದಗಳ ಮೇಲೆ ರೇಷ್ಮೆ ದಾರವನ್ನು ಎಳೆಗೆ ಎಳೆ ತಾಗಿಸಿ ಸುತ್ತುವ ಕೆಲಸ ನನ್ನ ಮನೆಯವರದು. ಅವರ ಬೆರಳಿಗಿದ್ದ ತಾಳ್ಮೆ ನನ್ನ ಬೆರಳಿಗೆ ಎಂದೂ ಬರಲಿಲ್ಲ. ದಾರಕ್ಕಾಗಿ ನಾನು ಶೃಂಗೇರಿಗೆ ಹೋಗುತ್ತಿದ್ದೆ. ಜಪಮಣಿ ಪೋಣಿಸುವ ಬಿಗಿಹುರಿಯ ರೇಷ್ಮೆ ಅಲ್ಲಿ ಸಿಗುತ್ತಿತ್ತು. ನನ್ನ ತಸ್ಬೀಹಿನ ಮಣಿಗಳೂ ಅದೇ ದಾರದಲ್ಲಿದ್ದವು. ದಾರದಂಗಡಿಯ ಹಿರಿಯರು ದೇವಸ್ಥಾನದ ಘಾಟಿನ ಮೀನುಗಳಿಗೆ ನಿತ್ಯ ಪುರಿ ಹಾಕುವವರು.

"ಗಾಳದ ಕೋಲಿಗಾ?" ಎಂದು ಕನ್ನಡಕದ ಮೇಲಿಂದ ನೋಡಿದರು. "ನಮ್ಮ ಹೊಳೆ ಮೀನಿಗೆ ಅಲ್ಲ ತಾನೆ ಮಾರಾಯ್ರೆ?"

"ಅಲ್ಲ. ಸಮುದ್ರದ್ದಕ್ಕೆ."

"ಹಾಗಾದ್ರೆ ನಂಗೆ ಪರಿಚಯ ಇಲ್ಲ. ತಗೊಂಡು ಹೋಗಿ."

ಹಿಡಿಯನ್ನು ಲೇತಿನಲ್ಲಿ ಕಡೆದು, ಪೀಠವನ್ನು ಎರಡು ಟ್ಯೂಬಿನ ಅಂಟಿನಿಂದ ಕೂರಿಸಿ, ಸುತ್ತುಗಳ ಮೇಲೆ ದಿನಕ್ಕೊಂದರಂತೆ ಮೂರು ಕೈ ವಾರ್ನಿಷ್ ಹಚ್ಚಿದೆ. ಉಪ್ಪುನೀರು ದಾರದೊಳಕ್ಕೆ ಇಳಿಯಬಾರದೆಂದು ಬಳೆಯ ಪಾದದ ತುದಿಗಳಲ್ಲಿ ಒಂದೊಂದು ಹನಿ ಹೆಚ್ಚು. ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಕೋಲು ಕನ್ನಡಿಯಂತೆ ಹೊಳೆಯುತ್ತಿತ್ತು. ಅದನ್ನು ನೋಡಿ ನನಗೆ ಉಂಟಾದ ಸಂತೋಷದಲ್ಲಿ ಸ್ವಲ್ಪ ಗರ್ವವೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ.

ಪರೀಕ್ಷೆಗೆ ನರಸಿಂಹರಾಜಪುರದ ಹಿನ್ನೀರಿಗೆ ಹೋದೆವು. ಭದ್ರಾ ಅಣೆಕಟ್ಟಿನ ನೀರು ಅಲ್ಲಿ ಕಣ್ಣಳತೆ ಮೀರಿ ಹರಡಿಕೊಂಡು ಗಾಳಿಗೆ ಅಲೆಯನ್ನೂ ಏಳಿಸುತ್ತದೆ. ಸಮುದ್ರವಿಲ್ಲದ ನಮಗೆ ಅದೇ ಸಮುದ್ರ. ಮೊದಲು ನಾನು ಬೀಸಿದೆ. ದಾರ ಗಾಳಿಯನ್ನು ಸೀಳಿಕೊಂಡು ಹೋಯಿತು. ನಲವತ್ತು ವರ್ಷ ಮರ ಕಡೆದ ತೋಳು ನನ್ನದು. ಆಮೇಲೆ ಧಣಿಗಳು ಕೋಲು ಹಿಡಿದರು. ನಾನು ಪಕ್ಕದಲ್ಲಿ ನಿಂತು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಐದರವರೆಗೆ ದಾರ ನೇರವಾಗಿ ಬಿತ್ತು. ಎಂಟರ ಹೊತ್ತಿಗೆ ಸುರುಳಿಯಾಗಿ ಕಾಲ ಬಳಿಯೇ ಬೀಳತೊಡಗಿತು. ಹನ್ನೊಂದಾದ ಮೇಲೆ ಅವರು ಕೋಲನ್ನು ಇಳಿಸಿ, ಆಚೆ ದಡವನ್ನು ನೋಡುತ್ತ, "ಮಳೆ ಇನ್ನೂ ಒಂದು ಸಲ ಬರೋ ಹಾಗೆ ಕಾಣ್ತದೆ," ಎಂದರು.

"ಕೋಲು ಹೇಗಿದೆ ಧಣೇರೆ?"

"ಬಹಳ ಚೆನ್ನಾಗಿದೆ ಸಾಹೇಬ್ರೆ. ಇದಕ್ಕಿಂತ ಎಂತ ಬೇಕು?"

ದಡದ ಮೇಲಿನ ಗೂಡಂಗಡಿಯಲ್ಲಿ ಚಹಾ ತರಿಸಿದೆ. ಗ್ಲಾಸನ್ನು ಅವರ ಕೈಗೆ ಚಾಚಿದಾಗ ಅವರು ಅದನ್ನು ಎಡಗೈಯಿಂದ ತೆಗೆದುಕೊಂಡರು. ಆಚಾರವಂತರು ಅವರು. ಆಳು ಕೊಟ್ಟ ಎಲೆಯಡಿಕೆಯನ್ನೂ ಎಡಗೈಯಲ್ಲಿ ಮುಟ್ಟಿದವರಲ್ಲ. ಬಲಗೈ ತೊಡೆಯ ಮೇಲೆ, ಯಾರದೋ ಕೈಯಂತೆ, ಬಿದ್ದಿತ್ತು. ನನ್ನ ಮನಸ್ಸು ನೋಯಬಾರದೆಂದು ಅವರು ತಮ್ಮ ನೋವನ್ನು ನುಂಗಿದ್ದರು. ನಾನು ಸುಮ್ಮನಿದ್ದರೆ ಆ ಕೋಲನ್ನು ಅವರು ಹಾಗೆಯೇ ಒಯ್ಯುತ್ತಿದ್ದರು. ಅಳಿವೆಯಲ್ಲಿ ಹನ್ನೊಂದು ಸಲ ಬೀಸಿ, ಬುತ್ತಿಯ ಪಕ್ಕ ಕುಳಿತು, ನನ್ನ ಹೆಸರನ್ನು ಹೊಗಳಿಕೊಂಡೇ ವಾಪಸು ಬರುತ್ತಿದ್ದರು.

"ಧಣೇರೆ, ಕೋಲು ಕೊಡಿ," ಎಂದೆ. "ಕೆಲಸ ಮುಗಿದಿಲ್ಲ."

"ಎಂತ ಮುಗಿದಿಲ್ಲ? ಇಷ್ಟು ಚೆಂದ ಉಂಟು."

"ಚೆಂದ ಉಂಟು. ಮುಗಿದಿಲ್ಲ."

ಅವರು ಒಂದು ಗಳಿಗೆ ನನ್ನ ಮುಖವನ್ನೂ ತಮ್ಮ ಎಡಗೈಯ ಗ್ಲಾಸನ್ನೂ ನೋಡಿದರು. ಕೋಲನ್ನು ಕೊಟ್ಟರು.

ಹುಣ್ಣಿಮೆಗೆ ಮೂರು ವಾರ ಉಳಿದಿತ್ತು. ನಾಲ್ಕು ದಿನ ಏನೂ ತೋಚಲಿಲ್ಲ. ಹಗುರವಾದ ಕೋಲು ತೋಳನ್ನು ಏಕೆ ದಣಿಸಿತು ಎಂಬುದೇ ನನಗೆ ಒಡಪಾಗಿತ್ತು. ಉಳಿದ ಎರಡರಲ್ಲಿ ಮನಸ್ಸು ಬಿದಿರಿನ ಕಡೆಗೇ ಎಳೆಯುತ್ತಿತ್ತು. ಬಿದಿರು ನಮ್ಮದು, ನನ್ನ ಕೈ ಬಲ್ಲದ್ದು. ಫೈಬರ್ ಗ್ಲಾಸನ್ನು ನಾನು ಬಕೆಟ್ಟಿನಂಥ ಅಗ್ಗದ ಸಾಮಾನಿನ ಜಾತಿಗೆ ಸೇರಿಸಿದ್ದೆ.

ಐದನೆಯ ದಿನ ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯ ಕಡೆಯ ಒಬ್ಬ ಅಡಿಕೆ ಕೊನೆ ತೆಗೆಯುವವನು ಅಂಗಡಿಗೆ ಬಂದ. ಒಂದು ಮರದ ತುದಿಯಲ್ಲಿ ಕುಳಿತು, ಕತ್ತಿ ಕಟ್ಟಿದ ಉದ್ದನೆಯ ಬಿದಿರ ದೋಟಿಯಿಂದ ಪಕ್ಕದ ಮರಗಳ ಅಡಿಕೆ ಗೊನೆಗಳನ್ನು ಕೊಯ್ಯುವುದು ಅವನ ಕೆಲಸ. ಹೊಸ ದೋಟಿಯ ಕತ್ತಿಗೆ ಕಬ್ಬಿಣದ ಬಳೆ ಹಾಕಿಸಬೇಕಿತ್ತು. ನಾನು ಬಳೆ ಬಡಿಯುತ್ತಿದ್ದಾಗ ಅವನ ಕಣ್ಣು ಗೋಡೆಗೆ ಒರಗಿಸಿದ್ದ ಮೂರು ಕೋಲುಗಳ ಮೇಲೆ ಬಿತ್ತು. ನಾನು ಕಾರ್ಬನ್ನನ್ನು ಕೈಗೆ ಕೊಟ್ಟು, ನಡೆದದ್ದನ್ನು ಹೇಳಿದೆ.

"ಇದನ್ನ ಹೆಂಗೆ ಆರಿಸಿದ್ರಿ ಸಾಯ್ಬ್ರೆ?"

"ಅಲ್ಲಾಡಿಸಿ ನೋಡಿ."

"ಖಾಲಿ ಕೋಲು ಅಲ್ಲಾಡಿಸಿದ್ರೆ ಎಂತ ಗೊತ್ತಾಗ್ತದೆ?" ಎಂದು ನಕ್ಕ. "ಖಾಲಿ ಇದ್ದಾಗ ಎಲ್ಲಾ ದೋಟಿಯೂ ಶೂರನೇ. ನಾವು ತುದಿಗೆ ಭಾರ ಕಟ್ಟಿ ನೋಡ್ತೇವೆ. ಬಿಟ್ಟ ಮೇಲೆ ಎರಡು ಮೂರು ಸಲ ತಲೆದೂಗಿ ನಿಲ್ಬೇಕು. ನಿಲ್ಲದೇ ಆಡ್ತಾ ಇದ್ರೆ ಅದು ಸೋಮಾರಿ, ಮರದ ಮೇಲಿಂದ ನಮ್ಮನ್ನೇ ಬೀಳಿಸ್ತದೆ. ಬಾಗೋದೇ ಇಲ್ಲ ಅಂದ್ರೆ ಅದು ಗರ್ವದ್ದು, ಅದೂ ಬೇಡ."

"ಬಾಗದಿದ್ದರೆ ಒಳ್ಳೆಯದಲ್ಲವೇ? ಗಟ್ಟಿ ಎಂದಲ್ಲವೇ ಅರ್ಥ?"

ಅವನು ಕೋಲನ್ನು ಗೋಡೆಗೆ ಒರಗಿಸಿ ತನ್ನ ಹೆಗಲನ್ನು ತಟ್ಟಿಕೊಂಡ. "ಕೋಲು ಬಾಗದಿದ್ರೆ ಹೆಗಲು ಬಾಗ್ತದೆ ಸಾಯ್ಬ್ರೆ. ಇಬ್ರಲ್ಲಿ ಒಬ್ರು ಬಾಗ್ಲೇಬೇಕಲ್ಲ."

ಅವನು ಹೋದ ಮೇಲೆ ಕಾರ್ಬನ್ನನ್ನು ಮತ್ತೆ ಕೈಗೆತ್ತಿಕೊಂಡೆ. ದಾರದ ಭಾರಕ್ಕೆ ಕಾರ್ಬನ್ನು ಬಾಗಬೇಕಾದರೆ ಬೀಸುವ ತೋಳು ಬಲು ವೇಗವಾಗಿ ಹೋಗಿ ತಟ್ಟನೆ ನಿಲ್ಲಬೇಕಿತ್ತು. ನನ್ನ ತೋಳು ಅದನ್ನು ಮಾಡಿತು. ಮಾಡಿ, ಅದು ಕೋಲಿನ ಗುಣವೆಂದು ನನಗೆ ಸುಳ್ಳು ಹೇಳಿತು.

ಮರುದಿನ ಬೆಳಿಗ್ಗೆ ಮೂರು ಕೋಲುಗಳನ್ನೂ ಒಂದೊಂದಾಗಿ ಮೇಜಿನ ಅಂಚಿಗೆ ಬುಡ ಬಿಗಿದು, ನೆಲಕ್ಕೆ ಸಮನಾಗಿ ಚಾಚಿ ನಿಲ್ಲಿಸಿದೆ. ತುದಿಗೆ ಒಂದು ಬಟ್ಟೆಯ ಚೀಲ. ಒಂದೇ ಗಾತ್ರದ ಒಣ ಅಡಿಕೆಗಳನ್ನು ಆರಿಸಿಟ್ಟುಕೊಂಡು, ತುದಿಯು ಕೋಲಿನ ಉದ್ದದ ಮೂರನೆಯ ಒಂದು ಪಾಲು ಕೆಳಗಿಳಿಯುವವರೆಗೆ ಒಂದೊಂದನ್ನೇ ಚೀಲಕ್ಕೆ ಹಾಕುತ್ತ ಹೋದೆ. ಕಾರ್ಬನ್ನಿಗೆ ಹತ್ತೊಂಬತ್ತು ಅಡಿಕೆ ಬೇಕಾಯಿತು. ಬಿದಿರಿಗೆ ಹನ್ನೆರಡು. ಗ್ಲಾಸಿಗೆ ಹದಿನಾಲ್ಕು.

ಬಾಗಿದ ಬಗೆಯೂ ಬೇರೆಬೇರೆ. ಕಾರ್ಬನ್ನು ತುದಿಯಲ್ಲಷ್ಟೇ ಬಾಗಿ ಬುಡದಲ್ಲಿ ಕಂಬದಂತೆ ನಿಂತಿತು. ಬಿದಿರು ಹಿಡಿಯವರೆಗೂ ಬಾಗಿತು; ಬಿಟ್ಟಾಗ ಆರು ಸಲ ತೂಗಾಡಿತು. ಗ್ಲಾಸು ನಡುವಿನವರೆಗೆ ದುಂಡಗೆ ಬಾಗಿ, ಬಿಟ್ಟಾಗ ಮೂರು ಸಲ ತಲೆದೂಗಿ ನಿಂತಿತು.

ಆದರೂ ಬಿದಿರಿನ ಮೋಹ ಬಿಡಲಿಲ್ಲ. ಅದಕ್ಕೇ ಇನ್ನೊಂದು ಅವಕಾಶ ಕೊಡೋಣವೆಂದು ಭಾರವನ್ನು ಅದರ ತುದಿಯಲ್ಲಿ ತೂಗುಬಿಟ್ಟು, ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು ಬಿಚ್ಚಿದೆ. ತುದಿ ಮೊದಲಿನ ಗೆರೆಗೆ ಮರಳಲಿಲ್ಲ; ಒಂದು ಬೆರಳಗಲ ಕೆಳಗೇ ಉಳಿಯಿತು. ಮನೆಯವರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಅದಕ್ಕೆ ವಯಸ್ಸಾಗಿದೆ ರೀ," ಎಂದರು. "ಕಡಲ ಉಪ್ಪಿಗೆ ಅದರ ಅಂಟು ಎಷ್ಟು ದಿನ ತಡೀತದೆ? ಪಾಪ, ಅದನ್ನ ಸುಮ್ನೆ ಇರಕ್ಕೆ ಬಿಡಿ."

"ಹಾಗಾದರೆ ಬಕೆಟ್ಟೇ ಗತಿಯೇ?"

"ನಲವತ್ತು ವರ್ಷದಿಂದ ನೀರು ತರೋದು ಬಕೆಟ್ಟೇ ಅಲ್ವಾ? ಅದಕ್ಕೆ ಯಾಕೆ ಅಷ್ಟು ತಾತ್ಸಾರ?"

ತೀರ್ಮಾನವಾಯಿತು. ಆದರೆ ಸಾಮಾನು ಇದ್ದದ್ದು ಒಂದೇ ಸೆಟ್ಟು, ಅದೂ ಮುಗಿದುಹೋದ ಕೋಲಿನ ಮೇಲೆ. ನಮ್ಮಿಬ್ಬರ ಹನ್ನೆರಡು ದಿನದ ಕೆಲಸವನ್ನು ನಾವೇ ಬಿಚ್ಚಬೇಕಿತ್ತು. ಕಾರ್ಬನ್ನಿಗೆ ಚೂರಿಯ ಗೀರು ತಾಗಿದರೆ ಅದು ಮುಂದೆ ಅಲ್ಲೇ ಮುರಿಯುತ್ತದೆ. ಆದುದರಿಂದ ಮನೆಯವರು ಬ್ಲೇಡನ್ನು ಬಳೆಯ ಪಾದದ ಮೇಲೆ ಮಾತ್ರ ಓಡಿಸಿ, ತಾವೇ ಸುತ್ತಿದ ದಾರವನ್ನು ಕೊಯ್ದು ಬಿಚ್ಚಿದರು. ಪೀಠದ ಅಂಟು ಬಿಸಿಗೆ ಮೆತ್ತಗಾಗುವಂಥದು. ಕುದಿಯುವ ಕೆಟಲಿನ ಹಬೆಗೆ ಹಿಡಿದು, ಒದ್ದೆ ಬಟ್ಟೆಯಲ್ಲಿ ತಿರುಚಿ, ಮತ್ತೆ ಹಬೆಗೆ ಹಿಡಿದು, ಮೂರನೆಯ ಸಲಕ್ಕೆ ಪೀಠ ನಿಟ್ಟುಸಿರಿಟ್ಟಂತೆ ಜಾರಿ ಬಂತು. ಕಾರ್ಕಿನ ಹಿಡಿ ಮಾತ್ರ ಉಳಿಯಲಿಲ್ಲ, ಚೂರುಚೂರಾಯಿತು.

ಕಾರ್ಕಿಗೆ ಎಲ್ಲಿಗೆ ಹೋಗುವುದು? ಪೇಟೆಯ ಔಷಧಿ ಅಂಗಡಿಯ ಕಾಂಪೌಂಡರ್ ದೊಡ್ಡ ಸೀಸೆಗಳ ಹಳೆಯ ಬೂಚುಗಳನ್ನು ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಅವನ್ನು ಬಿಲ್ಲೆಯಾಗಿ ಕತ್ತರಿಸಿ, ನಡುವೆ ತೂತು ಕೊರೆದು, ಒಂದಕ್ಕೊಂದು ಅಂಟಿಸಿ ಲೇತಿಗೆ ಏರಿಸಿದೆ. ಕಡೆಯುವಾಗ ಅಂಗಡಿ ತುಂಬ ಕೆಮ್ಮಿನ ಔಷಧಿಯ ವಾಸನೆ. ಮೊದಲಿನದಕ್ಕಿಂತ ಈ ಹಿಡಿಯನ್ನು ಸ್ವಲ್ಪ ದಪ್ಪಗೆ ಬಿಟ್ಟೆ. ಬಿಗಿಯಾಗಿ ಮುಷ್ಟಿ ಕಟ್ಟಬೇಕಾದ ಕೈ ಭುಜವನ್ನೂ ಬಿಗಿಯುತ್ತದೆಯೆಂದು ಈಗ ತಿಳಿದಿತ್ತು.

ಈ ಸಲ ಅಂಟು ಹಾಕಲಿಲ್ಲ. ಬಳೆ, ಪೀಠ ಎಲ್ಲವನ್ನೂ ಗಾಯಕ್ಕೆ ಹಚ್ಚುವ ಪಟ್ಟಿಯಿಂದ ಕಟ್ಟಿ, ಬ್ಯಾಂಡೇಜು ಸುತ್ತಿದ ರೋಗಿಯಂತಿದ್ದ ಆ ಕೋಲನ್ನೇ ಹಿನ್ನೀರಿಗೆ ಒಯ್ದೆ. ಧಣಿಗಳು ನೋಡಿ, "ಇದೆಂತ ಸಾಹೇಬ್ರೆ, ಆಸ್ಪತ್ರೆಯಿಂದ ಕರ್ಕೊಂಡು ಬಂದ್ರಾ?" ಎಂದರು.

"ಇನ್ನೂ ಡಿಸ್ಚಾರ್ಜ್ ಆಗಿಲ್ಲ. ನೀವು ಹೂಂ ಅಂದ ಮೇಲೆ. ಒಂದೇ ಷರತ್ತು, ನೋವಾದರೆ ಹೇಳಬೇಕು. ದಾಕ್ಷಿಣ್ಯ ಬೇಡ. ದಾಕ್ಷಿಣ್ಯದಿಂದ ಕೋಲು ಬಾಗುವುದಿಲ್ಲ."

ನಾನು ಬೀಸಲಿಲ್ಲ. ನನ್ನ ತೋಳಿನ ಸಾಕ್ಷ್ಯವನ್ನು ಮತ್ತೆ ಕೇಳುವ ಆಸೆಯಿರಲಿಲ್ಲ. ಅವರು ಹಿಂದಿನ ಅಭ್ಯಾಸದಂತೆ ಜೋರಾಗಿ ಬೀಸಿದರು; ದಾರ ಗೋಜಲಾಗಿ ಬಿತ್ತು. "ಅವಸರ ಬೇಡ ಧಣೇರೆ. ಹಿಂದೆ ಹೋದ ದಾರ ನೆಟ್ಟಗಾಗಲಿ, ಕೋಲು ಬಾಗಿದ್ದು ಕೈಗೆ ಗೊತ್ತಾಗಲಿ," ಎಂದೆ. ಮೊಣಕೈಯನ್ನು ಪಕ್ಕೆಗೆ ತಾಗಿಸಿ, ಮುಂಗೈಯನ್ನು ಕಿವಿಗಿಂತ ಮೇಲೆ ಎತ್ತದೆ, ಅವರು ನಿಧಾನಿಸಿದರು. ಏಳನೆಯದೋ ಎಂಟನೆಯದೋ ಬೀಸಿನಲ್ಲಿ ಕೋಲು ನಡುವಿನವರೆಗೆ ಬಾಗಿ, ಒಂದು ಕ್ಷಣ ತಡೆದು, ದಾರವನ್ನು ನೀರಿನ ಮೇಲೆ ನೀಳವಾಗಿ ಹಾಸಿತು. ಕಾರ್ಬನ್ನಿನಷ್ಟು ದೂರವಲ್ಲ. ಮೂರು ನಾಲ್ಕು ಮಾರು ಕಡಿಮೆಯೇ. ಅವರು ತಿರುಗಿ ನನ್ನನ್ನು ನೋಡಲಿಲ್ಲ. ಮತ್ತೆ ಬೀಸಿದರು, ಮತ್ತೆ ಬೀಸಿದರು. ಮೂವತ್ತರವರೆಗೆ ಎಣಿಸಿದೆ.

ಗೂಡಂಗಡಿಯಲ್ಲಿ ಚಹಾ ಬಂತು. ನಾನು ಬೇರೆಲ್ಲೋ ನೋಡುತ್ತಿರುವಂತೆ ನಟಿಸುತ್ತ ಗ್ಲಾಸು ಚಾಚಿದೆ. ಬಲಗೈ ಮುಂದೆ ಬಂತು.

ಶೃಂಗೇರಿಗೆ ಮತ್ತೆ ಹೋದಾಗ ದಾರದಂಗಡಿಯ ಹಿರಿಯರು, "ಎಂತ, ಮೀನು ದಾರವನ್ನೇ ನುಂಗಿತಾ?" ಎಂದರು. ಇಲ್ಲ, ನನ್ನ ಅವಿವೇಕ ನುಂಗಿತು ಎಂದೆ. "ಅದರ ಹೊಟ್ಟೆ ದೊಡ್ಡದು," ಎಂದು ಒಂದು ಉರುಳೆ ಹೆಚ್ಚಿಗೆ ಇಟ್ಟರು. ಮನೆಯವರು ಮತ್ತೆ ಸುತ್ತಿದರು. ಮಳೆ ಒಂದು ಸಲ ಮರಳಿ ಬಂದು ವಾರ್ನಿಷ್ ಒಣಗದೆ ಎರಡು ದಿನ ಕಾಡಿತು. ಕೋಲನ್ನು ನಮ್ಮ ಓಣಿಯ ಬೇಕರಿಯ ಒಲೆಯ ಹಿಂಗೋಡೆಗೆ ಒರಗಿಸಿ ಒಣಗಿಸಿದೆವು. ಹುಣ್ಣಿಮೆಗೆ ಮೂರು ದಿನವಿರುವಾಗ ಧಣಿಗಳ ಕೈಗೆ ಕೊಟ್ಟು, ಒಂದೇ ಮಾತನ್ನು ಎರಡು ಸಲ ಹೇಳಿದೆ: ದಿನವೂ ಸಿಹಿನೀರಿನಲ್ಲಿ ತೊಳೆದು ಒರೆಸಬೇಕು, ಉಪ್ಪನ್ನು ಒಂದು ರಾತ್ರಿಯೂ ಬಿಡಬಾರದು. ಬೋಳಾಗಿದ್ದ ಕಾರ್ಬನ್ನನ್ನೂ ಜೊತೆಗೆ ಕಳಿಸಿದೆ. ಅಣ್ಣನವರ ತೋಳು ಗಟ್ಟಿಯಾಗಿದೆಯಲ್ಲ, ಅವರಿಗಾದೀತು.

ಎಂಟು ದಿನದ ಬಳಿಕ ಧಣಿಗಳು ಅಂಗಡಿಯ ಮೆಟ್ಟಿಲು ಹತ್ತಿ ಬಂದು, ಕೋಲನ್ನು ಮೇಜಿನ ಮೇಲಿಟ್ಟರು. ಬಳೆಗಳ ಸುತ್ತ, ಬೂಚಿನ ಹಿಡಿಯ ಸಂದುಗಳಲ್ಲಿ, ಪೀಠದ ತಿರುಪಿನಲ್ಲಿ ಬೆಳ್ಳಗೆ ಉಪ್ಪು ಕಟ್ಟಿತ್ತು.

ನನಗೆ ಸಿಟ್ಟೇ ಬಂತು. "ತೊಳೆಯಬೇಕು ಎಂದಿರಲಿಲ್ಲವೇ ಧಣೇರೆ?"

"ಮೂರು ದಿನ ತೊಳೆದೆ ಸಾಹೇಬ್ರೆ. ನಾಲ್ಕನೇ ದಿನದ್ದು ಮಾತ್ರ ಹಂಗೇ ತಂದೆ. ನಿಮಗೆ ತೋರಿಸೋಕೆ."

"ಮೀನು ಸಿಕ್ಕಿತೇ?"

"ಒಂದು ಸಿಕ್ಕಿತು. ದಡಕ್ಕೆ ಬಂದು ತಪ್ಪಿಸ್ಕೊಂಡಿತು. ಅಣ್ಣ ಮರಳಲ್ಲಿ ಕೂತು ಕಣ್ಣಲ್ಲಿ ನೀರು ಬರೋವಷ್ಟು ನಗಾಡಿದ. ಬರೋ ವರ್ಷ ಆ ಕರಿ ಕೋಲು ಕಟ್ಟಿಸ್ಕೊಂಡು ಬರ್ತಾನಂತೆ."

"ಒಟ್ಟು ಎಷ್ಟು ಸಲ ಬೀಸಿದಿರಿ?"

ಅವರು ಯೋಚಿಸಿದರು. ಬಲಗೈಯಿಂದ ಗಲ್ಲ ಉಜ್ಜಿಕೊಂಡರು.

"ಎಣಿಸಲಿಕ್ಕೆ ಮರೆತೇ ಹೋಯ್ತು," ಎಂದರು.

ಮನೆಯವರು ಒಳಗಿಂದ ಒಂದು ಬಕೆಟ್ಟು ಸಿಹಿನೀರು ತಂದು ನನ್ನ ಮುಂದೆ ಇಟ್ಟರು. ಬಟ್ಟೆ ಅದ್ದುವ ಮೊದಲು ಬಳೆಯ ಮೇಲಿನ ಒಂದು ಹರಳನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದೆ. ಆಮೇಲೆ ತೊಳೆದೆ.

ಬಾಗಬೇಕಾದುದನ್ನು ಬಾಗಿಸಿ, ನಿಲ್ಲಬೇಕಾದುದನ್ನು ನಿಲ್ಲಿಸುವ ಪ್ರಭುವೇ, ಮರದ ತುದಿಯಲ್ಲಿ ಕುಳಿತು ದುಡಿಯುವ ಆ ನಾರ್ವೆಯವನ ಕಾಲು ಎಂದೂ ಜಾರದಿರಲಿ. ಜಪಮಣಿಗೂ ಗಾಳಕ್ಕೂ ಒಂದೇ ದಾರವನ್ನು ಅಳೆದುಕೊಟ್ಟ ಹಿರಿಯರ ಕೈಯಲ್ಲಿ ಪುರಿ ಎಂದೂ ಖಾಲಿಯಾಗದಿರಲಿ. ಬೂಚು ಕೊಟ್ಟವರಿಗೆ, ಒಲೆಯ ಗೋಡೆ ಬಿಟ್ಟುಕೊಟ್ಟವರಿಗೆ ಆರೋಗ್ಯವಿರಲಿ. ಸುತ್ತಿದ್ದನ್ನು ತಾನೇ ಬಿಚ್ಚಿ ಮತ್ತೆ ಸುತ್ತಿದ ಆ ಬೆರಳುಗಳ ಮೇಲೆ ನಿನ್ನ ವಿಶೇಷ ಕರುಣೆಯಿರಲಿ. ಅಳಿವೆಯಲ್ಲಿ ಅಕ್ಕಪಕ್ಕ ನಿಲ್ಲುವ ಆ ಇಬ್ಬರು ಅಣ್ಣತಮ್ಮಂದಿರಿಗೆ ಇನ್ನೂ ಬಹಳ ಹುಣ್ಣಿಮೆಗಳನ್ನು ಕೊಡು. ತಪ್ಪಿಸಿಕೊಂಡ ಆ ಮೀನಿಗೂ ಅದರ ನೀರನ್ನು ಉಳಿಸು. ಆಮೀನ್.